ಜೈಲಿನಲ್ಲಿದ್ದವರನ್ನು ಗೆಲ್ಲಿಸಿದ ಹತ್ತು ಸೀಟಿನ ಕ್ಷೇತ್ರ

ಪ್ರಶ್ನೆ: ಕೆಲಸದ ಮೇಲೆ ಕೆನಡಾದ ವಿನಿಪೆಗ್‌ಗೆ ಬಂದು ಎರಡು ವರ್ಷ ಆಯ್ತು. ಮನೆ ಸೇಂಟ್ ವೈಟಲ್ ಕಡೆ. ಇಲ್ಲಿನ 1919ರ ದೊಡ್ಡ ಮುಷ್ಕರದ ಬಗ್ಗೆ ಓದುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಮರುವರ್ಷ ನಡೆದ ಪ್ರಾಂತ್ಯದ ಚುನಾವಣೆಯಲ್ಲಿ ಜೈಲಿನಲ್ಲಿದ್ದ ಮೂವರು ‘ವಿನಿಪೆಗ್’ ಕ್ಷೇತ್ರದಿಂದ ಗೆದ್ದರಂತೆ. ಒಂದೇ ಕ್ಷೇತ್ರದಿಂದ ಮೂವರು ಹೇಗೆ ಗೆಲ್ತಾರೆ? ಈಗಿನ ಪಟ್ಟಿಯಲ್ಲಿ ಬರೀ ‘ವಿನಿಪೆಗ್’ ಅನ್ನೋ ಕ್ಷೇತ್ರವೇ ಇಲ್ಲ. ಅದು ಏನಾಯ್ತು? ನಮ್ಮ ಮನೆ ಇರುವ ಜಾಗ ಅದರೊಳಗೆ ಇತ್ತಾ?

ಉತ್ತರ: ನೀವು ಓದಿದ್ದು ನಿಜ. ಆದರೆ ಗೆದ್ದವರು ಮೂವರಲ್ಲ, ಹತ್ತು ಜನ. ಅವರಲ್ಲಿ ಮೂವರು ಜೈಲಿನಲ್ಲಿದ್ದರು, ಅಷ್ಟೇ. 1920ರಿಂದ 1949ರವರೆಗೆ ಇಡೀ ವಿನಿಪೆಗ್ ಪಟ್ಟಣ ಮ್ಯಾನಿಟೋಬಾ ವಿಧಾನಸಭೆಗೆ ಒಂದೇ ಕ್ಷೇತ್ರವಾಗಿತ್ತು. ಒಂದೇ ಮತಪತ್ರ, ಹತ್ತು ಶಾಸಕರು.

ಇದು ಪ್ರಾಂತ್ಯದ ಸಭೆಯ ವಿಷಯ, ಒಟ್ಟಾವಾದ ಸಂಸತ್ತಿನದ್ದಲ್ಲ. ನಮ್ಮ ವಿಧಾನಸಭೆ, ಲೋಕಸಭೆ ಇದ್ದ ಹಾಗೆ ಅಲ್ಲೂ ಎರಡು ಬೇರೆ ಬೇರೆ. ‘ವಿನಿಪೆಗ್ ಸೆಂಟರ್’ ಅನ್ನೋ ಹೆಸರಿನ ಕ್ಷೇತ್ರ ಸಂಸತ್ತಿಗೂ ಇದೆ, ಒಂದು ಕಾಲದಲ್ಲಿ ಪ್ರಾಂತ್ಯಕ್ಕೂ ಇತ್ತು. ಹುಡುಕುವವರಿಗೆ ಇದರಿಂದ ಗೊಂದಲ ಆಗುವುದೇ ಜಾಸ್ತಿ.

ಮೊದಲಿನಿಂದ ಹೇಳುತ್ತೇನೆ. ಮ್ಯಾನಿಟೋಬಾ ಕೆನಡಾಕ್ಕೆ ಸೇರಿದ್ದು 1870ರಲ್ಲಿ. ಆ ವರ್ಷದ ಕೊನೆಯಲ್ಲಿ ಮೊದಲ ಚುನಾವಣೆ ನಡೆಯಿತು. 24 ಕ್ಷೇತ್ರ. ಅದರಲ್ಲೊಂದು ‘ವಿನಿಪೆಗ್ ಮತ್ತು ಸೇಂಟ್ ಜಾನ್’. ಹಡ್ಸನ್ಸ್ ಬೇ ಕಂಪನಿಯ ಡೊನಾಲ್ಡ್ ಸ್ಮಿತ್ ಅಲ್ಲಿ ಗೆದ್ದರು. ಮುಂದೆ 1885ರಲ್ಲಿ ಕೆನಡಿಯನ್ ಪೆಸಿಫಿಕ್ ರೈಲುಹಳಿಗೆ ಕೊನೆಯ ಮೊಳೆ ಹೊಡೆದ ಗಡ್ಡದ ಮುದುಕ ಇವರೇ, ಆ ಫೋಟೋ ನೀವು ನೋಡಿರುತ್ತೀರಿ. 1873ರಲ್ಲಿ ಊರು ಪಟ್ಟಣ ಅನ್ನಿಸಿಕೊಂಡಾಗ ಅಲ್ಲಿ ಇದ್ದದ್ದು ಎರಡು ಸಾವಿರ ಜನಕ್ಕೂ ಕಡಿಮೆ. ಒಬ್ಬ ಶಾಸಕ ಧಾರಾಳವಾಗಿ ಸಾಕಿತ್ತು.

ರೈಲು ಬಂತು, ಲೆಕ್ಕ ತಪ್ಪಿತು. 1901ರಲ್ಲಿ ಜನಸಂಖ್ಯೆ 42,340. ಹತ್ತೇ ವರ್ಷದಲ್ಲಿ, 1911ಕ್ಕೆ, 1,36,035. ಉಕ್ರೇನ್, ಪೋಲೆಂಡ್, ರಷ್ಯಾ, ಜರ್ಮನಿ ಕಡೆಯಿಂದ ಜನ ಬಂದಿಳಿದರು. ಬಂದ ಬಡವರು ನೆಲೆಸಿದ್ದು ರೈಲು ಯಾರ್ಡಿನ ಆಚೆ, ನಾರ್ತ್ ಎಂಡ್‌ನಲ್ಲಿ. ಅನುಕೂಲಸ್ಥರು ಅಸಿನಿಬೊಯ್ನ್ ನದಿಯ ದಕ್ಷಿಣದ ದಂಡೆಯಲ್ಲಿ, ವೆಲಿಂಗ್ಟನ್ ಕ್ರೆಸೆಂಟ್ ಕಡೆ, ದೊಡ್ಡ ದೊಡ್ಡ ಮನೆ ಕಟ್ಟಿಕೊಂಡರು. ನಡುವೆ ರೈಲು ಹಳಿಗಳ ಒಂದು ಅಗಲವಾದ ಪಟ್ಟಿ. ಈಗಲೂ ಮೇನ್ ಸ್ಟ್ರೀಟ್‌ನಲ್ಲಿ ಉತ್ತರಕ್ಕೆ ಹೋದರೆ ಹಳಿಯ ಕೆಳಗೆ ನುಸುಳಿಯೇ ಹೋಗಬೇಕು. ಆ ಅಂಡರ್‌ಪಾಸ್ ದಾಟಿದ ಕೂಡಲೇ ಅಂಗಡಿಗಳ ಮುಖವೇ ಬದಲಾಗುತ್ತದೆ, ಗಮನಿಸಿದ್ದೀರಾ?

ಊರು ಬೆಳೆದಂತೆ ಒಂದು ಕ್ಷೇತ್ರ ಒಡೆದು ಉತ್ತರ, ದಕ್ಷಿಣ, ಮಧ್ಯ ಅಂತ ಮೂರಾಯಿತು. 1914ರ ಹೊತ್ತಿಗೆ ಮೂರಕ್ಕೂ ಎರಡೆರಡು ಸೀಟು, ಒಟ್ಟು ಆರು. ಉತ್ತರದಲ್ಲಿ ಕಾರ್ಮಿಕರು, ದಕ್ಷಿಣದಲ್ಲಿ ಮಾಲೀಕರು. ಮತಪೆಟ್ಟಿಗೆ ತೆರೆಯುವ ಮೊದಲೇ ಯಾವ ಕಡೆ ಗಾಳಿ ಬೀಸುತ್ತೆ ಅಂತ ಊರಿಗೇ ಗೊತ್ತಿರುತ್ತಿತ್ತು.

ಈಗ ಮುಷ್ಕರಕ್ಕೆ ಬರೋಣ. ನೀವು ಓದಿದ್ದೀರಿ, ಹಾಗಾಗಿ ಚಿಕ್ಕದಾಗಿ ಹೇಳುತ್ತೇನೆ. 1919ರ ಮೇ 15ರಂದು ಬೆಳಗ್ಗೆ ಟೆಲಿಫೋನ್ ಎಕ್ಸ್‌ಚೇಂಜ್‌ನ ಹೆಣ್ಣುಮಕ್ಕಳು ಮೊದಲು ಕೆಲಸ ನಿಲ್ಲಿಸಿದರು. ಹನ್ನೊಂದು ಗಂಟೆಗೆ ಉಳಿದವರು ಹೊರಬಂದರು. ಸುಮಾರು 30,000 ಜನ. ಆರು ವಾರ ಊರು ನಿಂತೇ ಹೋಯಿತು. ಜೂನ್ 17ರ ನಸುಕಿನಲ್ಲಿ ಮುಂದಾಳುಗಳನ್ನು ಮನೆಗೆ ನುಗ್ಗಿ ಹಿಡಿದರು. ಜೂನ್ 21ರ ಶನಿವಾರ ಕುದುರೆ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು. ಇಬ್ಬರು ಸತ್ತರು. ಕೆಲವೇ ದಿನದಲ್ಲಿ ಮುಷ್ಕರ ಮುಗಿಯಿತು.

ನಮ್ಮ ಕಥೆಗೆ ಬೇಕಾದವರು ನಾಲ್ಕು ಜನ. ವಿಲಿಯಂ ಐವೆನ್ಸ್: ಮೆಥಡಿಸ್ಟ್ ಪಾದ್ರಿಯಾಗಿದ್ದವರು, ಕಾರ್ಮಿಕರಿಗೆಂದೇ ಒಂದು ಚರ್ಚು ಶುರುಮಾಡಿದ್ದರು, ಮುಷ್ಕರದ ಪತ್ರಿಕೆಯ ಸಂಪಾದಕರು. ಜಾನ್ ಕ್ವೀನ್: ಹೆಸರು ರಾಣಿ, ಆಳು ಸಮಾಜವಾದಿ, ಆಗಲೇ ನಗರಸಭೆಯ ಸದಸ್ಯರು. ಜಾರ್ಜ್ ಆರ್ಮ್‌ಸ್ಟ್ರಾಂಗ್: ಬಡಗಿ ಕೆಲಸದವರು. ಇವರ ಹೆಂಡತಿ ಹೆಲೆನ್ ಆರ್ಮ್‌ಸ್ಟ್ರಾಂಗ್ ಮುಷ್ಕರದ ದಿನಗಳಲ್ಲಿ ಕೆಲಸ ಬಿಟ್ಟ ಹುಡುಗಿಯರಿಗೆ ಅಡುಗೆಮನೆ ನಡೆಸಿ ಊಟ ಹಾಕಿದವರು. ಗಂಡನ ಹೆಸರೇ ದಾಖಲೆಗಳಲ್ಲಿ ಮೆರೆಯುತ್ತೆ, ಆಕೆಯದ್ದು ಮೂಲೆಯಲ್ಲಿರುತ್ತೆ. ನಾಲ್ಕನೆಯವರು ಫ್ರೆಡ್ ಡಿಕ್ಸನ್. ಇವರು 1914ರಿಂದಲೇ ಶಾಸಕರು. ಐವೆನ್ಸ್ ಜೈಲಿಗೆ ಹೋದ ಮೇಲೆ ಪತ್ರಿಕೆ ನಿಲ್ಲದ ಹಾಗೆ ನೋಡಿಕೊಂಡರು.

ಮೊದಲ ಮೂವರಿಗೆ ರಾಜದ್ರೋಹದ ಸಂಚಿನ ಆರೋಪದ ಮೇಲೆ 1920ರ ವಸಂತದಲ್ಲಿ ಒಂದೊಂದು ವರ್ಷ ಜೈಲು ಶಿಕ್ಷೆ ಆಯಿತು. ಡಿಕ್ಸನ್ ಮೇಲೆ ಇದ್ದದ್ದು ಬರೆದದ್ದಕ್ಕೆ ಕೇಸು. ವಕೀಲರನ್ನು ಇಟ್ಟುಕೊಳ್ಳದೆ ತಾವೇ ವಾದ ಮಾಡಿ ಬಿಡುಗಡೆಯಾದರು. ಹೊರಗೆ ಬಂದ ಮನುಷ್ಯ ಸುಮ್ನೆ ಕೂರಲಿಲ್ಲ.

ಇದೇ ಹೊತ್ತಿಗೆ ಟೋಬಿಯಸ್ ನಾರಿಸ್ ಅವರ ಲಿಬರಲ್ ಸರ್ಕಾರ ಚುನಾವಣೆ ನಿಯಮ ಬದಲಿಸಿತು. ವಿನಿಪೆಗ್‌ನ ಮೂರು ಕ್ಷೇತ್ರ ಅಳಿಸಿ ಒಂದೇ ಮಾಡಿತು. ಆರು ಸೀಟು ಹತ್ತಾಯಿತು. ಮತ ಹಾಕುವ ಕ್ರಮವೂ ಬೇರೆ. ನಮ್ಮ ಪಠ್ಯಪುಸ್ತಕದಲ್ಲಿ ಇದನ್ನು ‘ಏಕ ವರ್ಗಾವಣೀಯ ಮತ’ ಅಂತ ಬರೆದಿರುತ್ತಾರೆ. ಬಾಯಲ್ಲಿ ಹೊರಳದ ಹೆಸರು. ನಾವು ಆಡುವ ಮಾತಿನಲ್ಲಿ ಪ್ರಾಶಸ್ತ್ಯ ಮತ.

ಇದು ನಿಮಗೆ ಹೊಸದಲ್ಲ. ಕರ್ನಾಟಕದಲ್ಲಿ ಪದವೀಧರ ಕ್ಷೇತ್ರಕ್ಕೆ ಮತ ಹಾಕಿದ್ದೀರಾ? ಬೂತ್‌ನಲ್ಲಿ ನೇರಳೆ ಬಣ್ಣದ ಪೆನ್ನು ಕೊಡುತ್ತಾರೆ, ಹೆಸರಿನ ಮುಂದೆ 1, 2, 3 ಅಂತ ಬರೆಯಬೇಕು. ಒಮ್ಮೆ ನನ್ನ ಮುಂದೆ ಸಾಲಿನಲ್ಲಿದ್ದ ಒಬ್ಬರು ಹೊರಗೆ ಬಂದು, ‘ನೀಟಾಗಿ ರೈಟ್ ಮಾರ್ಕ್ ಹಾಕಿ ಬಂದೆ’ ಅಂದರು. ಎರಡು ಡಿಗ್ರಿ ಮಾಡಿದವರು. ಮತ ಕುಲಗೆಟ್ಟಿತು ಅಂತ ಹೇಳಲು ಮನಸ್ಸು ಬರಲಿಲ್ಲ.

ಲೆಕ್ಕ ಹೇಗೆ ಅಂತ ತಿಳಿಯಲು ರಾಜ್ಯಸಭೆ ಚುನಾವಣೆ ನೋಡಿ. ನಮ್ಮಲ್ಲಿ 224 ಶಾಸಕರು. ನಾಲ್ಕು ಸೀಟಿಗೆ ಚುನಾವಣೆ ಬಂತು ಅನ್ನಿ. ನಾಲ್ಕಕ್ಕೆ ಒಂದು ಕೂಡಿಸಿ ಐದರಿಂದ ಭಾಗಿಸಿದರೆ 44 ಚಿಲ್ಲರೆ. ಅದಕ್ಕೇ ಟಿವಿಯವರು ‘ಗೆಲ್ಲೋಕೆ 45 ಮತ ಬೇಕು’ ಅಂತ ಹೇಳುತ್ತಲೇ ಇರುತ್ತಾರೆ. ಒಬ್ಬರಿಗೆ 45ಕ್ಕಿಂತ ಜಾಸ್ತಿ ಬಿದ್ದರೆ ಹೆಚ್ಚಾದದ್ದು ಪೋಲಾಗಲ್ಲ. ಆ ಮತದಾರರ ಎರಡನೇ ಆಯ್ಕೆಯವರಿಗೆ ಹೋಗುತ್ತದೆ. ತೀರಾ ಕೆಳಗಿರುವವರನ್ನು ಒಬ್ಬೊಬ್ಬರಾಗಿ ಕಣದಿಂದ ತೆಗೆದು ಅವರ ಮತಗಳನ್ನೂ ಹೀಗೇ ಹಂಚುತ್ತಾರೆ.

ವಿನಿಪೆಗ್‌ನಲ್ಲೂ ಇದೇ ಲೆಕ್ಕ. ವ್ಯತ್ಯಾಸ ಎಂದರೆ ಇಲ್ಲಿ ಎಣಿಸಬೇಕಾದ್ದು 224 ಮತ ಅಲ್ಲ, 47,000ಕ್ಕೂ ಜಾಸ್ತಿ. ಸೀಟು ಹತ್ತು, ಹಾಗಾಗಿ ಹನ್ನೊಂದರಿಂದ ಭಾಗಿಸಬೇಕು. ಗೆಲ್ಲಲು ಬೇಕಾದದ್ದು ಸುಮಾರು 4,300 ಮತ. ಊರಿನ ಹನ್ನೊಂದನೇ ಒಂದು ಪಾಲು ಜನ ನಿಮ್ಮ ಹಿಂದೆ ಇದ್ದರೆ ಸಾಕು, ನೀವು ಒಳಗೆ. ಆ ಜನ ಒಂದೇ ಬೀದಿಯಲ್ಲಿರಬೇಕು ಅಂತಿಲ್ಲ.

1920ರ ಜೂನ್ 29ರಂದು ಮತದಾನ. ಕಣದಲ್ಲಿ 41 ಜನ. ಮತಪತ್ರ ಎಷ್ಟುದ್ದ ಇದ್ದಿರಬಹುದು, ನೀವೇ ಊಹಿಸಿ. ಡಿಕ್ಸನ್‌ಗೆ ಮೊದಲ ಪ್ರಾಶಸ್ತ್ಯದ ಮತಗಳೇ 11,586 ಬಿದ್ದವು. ಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಮಾಮೂಲಿ ಚುನಾವಣೆ ಆಗಿದ್ದರೆ ‘ಭಾರಿ ಅಂತರದ ಗೆಲುವು’ ಅಂತ ಪೇಪರಿನಲ್ಲಿ ಬಂದು ಅಲ್ಲಿಗೆ ಮುಗಿಯುತ್ತಿತ್ತು. ಇಲ್ಲಿ ಏಳು ಸಾವಿರ ಚಿಲ್ಲರೆ ಹೆಚ್ಚುವರಿ ಮತ ಎರಡನೇ ಆಯ್ಕೆ ಹುಡುಕಿಕೊಂಡು ಹೊರಟವು. ಅದರಲ್ಲಿ ದೊಡ್ಡ ಪಾಲು ಅವರ ಕಾರ್ಮಿಕ ಸಂಗಾತಿಗಳಿಗೇ ಹೋಯಿತು. ಐವೆನ್ಸ್ ಗೆದ್ದರು, ಕ್ವೀನ್ ಗೆದ್ದರು, ಆರ್ಮ್‌ಸ್ಟ್ರಾಂಗ್ ಗೆದ್ದರು. ಮೂವರೂ ಕಂಬಿಯ ಹಿಂದೆ. ಹೊರಗಿದ್ದವರ ಹೆಚ್ಚಾದ ಮತ ಒಳಗಿದ್ದವರ ಕೈಹಿಡಿಯಿತು. ಎಲ್ಲರಿಗೂ ಈ ಅದೃಷ್ಟ ಇರಲಿಲ್ಲ. ಎರಡು ವರ್ಷ ಶಿಕ್ಷೆ ಪಡೆದಿದ್ದ ಮುಷ್ಕರದ ಇನ್ನೊಬ್ಬ ಮುಂದಾಳು ಆರ್. ಬಿ. ರಸೆಲ್ ಕೂಡ ನಿಂತಿದ್ದರು, ಸೋತರು.

ಜೈಲಿನಿಂದ ಗೆಲ್ಲುವುದು ನಮಗೇನು ಹೊಸತಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1977ರಲ್ಲಿ ಜೈಲಿನಲ್ಲಿದ್ದೇ ಬಿಹಾರದ ಮುಜಫ್ಫರ್‌ಪುರದಿಂದ ಲೋಕಸಭೆಗೆ ಗೆದ್ದರು. ಆದರೆ ಅವರ ಕೇಸು ಇನ್ನೂ ತೀರ್ಮಾನ ಆಗಿರಲಿಲ್ಲ. ವಿನಿಪೆಗ್‌ನ ಮೂವರು ಶಿಕ್ಷೆ ಅನುಭವಿಸುತ್ತಿದ್ದವರು. ಚುನಾವಣೆ ಮುಗಿದ ಎರಡೇ ವಾರಕ್ಕೆ, ಜುಲೈ 15ರಂದು, ಹೊಸ ಶಾಸನಸಭಾ ಕಟ್ಟಡದ ಉದ್ಘಾಟನೆ ಆಯಿತು. ಗುಮ್ಮಟದ ಮೇಲೆ ಚಿನ್ನದ ಹುಡುಗ ನಿಂತಿದ್ದಾನಲ್ಲ, ಅದೇ ಕಟ್ಟಡ. ಅದರೊಳಗೆ ಇವರ ಮೂರು ಕುರ್ಚಿ ಖಾಲಿ. 1921ರ ಶುರುವಿನಲ್ಲಿ ಬಿಡುಗಡೆಯಾದ ಮೇಲೆ ಬಂದು ಕೂತರು.

ಅದೇ ಮತಪತ್ರದಿಂದ ಗೆದ್ದ ಇನ್ನೊಬ್ಬರು ಈಡಿತ್ ರಾಜರ್ಸ್, ಲಿಬರಲ್ ಪಕ್ಷ. ಮ್ಯಾನಿಟೋಬಾದಲ್ಲಿ ಹೆಂಗಸರಿಗೆ ಮತದ ಹಕ್ಕು ಸಿಕ್ಕಿದ್ದು 1916ರ ಜನವರಿಯಲ್ಲಿ, ಕೆನಡಾದ ಪ್ರಾಂತ್ಯಗಳಲ್ಲಿ ಅದೇ ಮೊದಲು. ಅಲ್ಲಿನ ಸಭೆಗೆ ಗೆದ್ದ ಮೊದಲ ಹೆಂಗಸು ಈಕೆ. ಹೀಗೆ ರಾಜದ್ರೋಹದ ಶಿಕ್ಷೆಯಾದವರು, ಮೊದಲ ಶಾಸಕಿ, ಅವರ ಜೊತೆಗೆ ದಕ್ಷಿಣ ದಂಡೆಯ ಕನ್ಸರ್ವೇಟಿವ್ ವಕೀಲರು ಎಲ್ಲರೂ ಒಂದೇ ಕ್ಷೇತ್ರದ ಶಾಸಕರು. ನಿಮ್ಮ ಬೀದಿಯಲ್ಲಿ ನಲ್ಲಿ ನೀರು ಬರಲಿಲ್ಲ ಅಂದರೆ ಹತ್ತು ಜನರಲ್ಲಿ ಯಾರ ಮನೆಗಾದರೂ ಹೋಗಬಹುದಿತ್ತು. ನಿಮ್ಮ ಮಾತು ಕೇಳುವವರೊಬ್ಬರು ಆ ಹತ್ತರಲ್ಲಿ ಇದ್ದೇ ಇರುತ್ತಿದ್ದರು.

ಇಷ್ಟು ಓದಿದ ಮೇಲೆ ‘ಎಂಥಾ ನ್ಯಾಯವಾದ ಪದ್ಧತಿ’ ಅನ್ನಿಸುತ್ತದೆ, ಅಲ್ವಾ? ನನಗೂ ಬಹಳ ವರ್ಷ ಹಾಗೇ ಅನ್ನಿಸಿತ್ತು. ಆಮೇಲೆ ಒಂದು ದಿನ ಜನಗಣತಿಯ ಅಂಕಿಗಳನ್ನು ಪಕ್ಕಕ್ಕಿಟ್ಟು ನೋಡಿದೆ. 1921ರಲ್ಲಿ ಮ್ಯಾನಿಟೋಬಾದ ಜನಸಂಖ್ಯೆ 6,10,118. ಅದರಲ್ಲಿ ವಿನಿಪೆಗ್ ಪಟ್ಟಣದಲ್ಲೇ 1,79,087. ಅಂದರೆ ನೂರಕ್ಕೆ 29 ಜನ ಪಟ್ಟಣದವರು. ಸಭೆಯಲ್ಲಿ ಒಟ್ಟು ಸೀಟು 55, ಪಟ್ಟಣಕ್ಕೆ ಹತ್ತು. ನೂರಕ್ಕೆ 18. ಜನರ ಲೆಕ್ಕದಲ್ಲಿ ಕೊಟ್ಟಿದ್ದರೆ ಹದಿನಾರು ಬರಬೇಕಿತ್ತು. ಆರು ಸೀಟು ಮೊದಲೇ ಕಡಿತ.

ನನ್ನ ಪ್ರಕಾರ ಈ ಕ್ಷೇತ್ರದ ಇತಿಹಾಸ ಇರುವುದೇ ಇಲ್ಲಿ. ಪಟ್ಟಣದ ಒಳಗೆ ಅಳತೆ ಹಾಕಿದ ಹಾಗೆ ನ್ಯಾಯ. ಪಟ್ಟಣ ಮತ್ತು ಹಳ್ಳಿಗಳ ನಡುವೆ ದೊಡ್ಡ ಅನ್ಯಾಯ. ಒಳಗಿನ ಪಾಲು ಚೆನ್ನಾಗಿ ಹಂಚಿದ್ದರಿಂದ, ತಟ್ಟೆಯೇ ಚಿಕ್ಕದು ಅಂತ ಗಲಾಟೆ ಮಾಡುವವರು ಕಡಿಮೆಯಾದರು. ರೈತರು, ಕಾರ್ಮಿಕರು, ಸುಧಾರಣೆ ಬಯಸಿದವರು ಮುಷ್ಕರಕ್ಕೂ ಮೊದಲಿನಿಂದ ಪ್ರಾಶಸ್ತ್ಯ ಮತ ಕೇಳುತ್ತಿದ್ದದ್ದು ನಿಜ. ಹಾಗಾಗಿ ಇದನ್ನು ಪೂರಾ ಕುತಂತ್ರ ಅನ್ನಲಾರೆ. ಆದರೆ ಈ ಹತ್ತು ಸೀಟಿನ ಪದ್ಧತಿ ಪಟ್ಟಣಕ್ಕೆ ಮಾತ್ರ ಬಂತು. ಹಳ್ಳಿಗಾಡು ಒಂದು ಸೀಟಿನ ಕ್ಷೇತ್ರಗಳಲ್ಲೇ ಉಳಿಯಿತು. 1927ರ ಚುನಾವಣೆಯಿಂದ ಅಲ್ಲೂ 1, 2, 3 ಅಂತ ಬರೆಯುವ ಪದ್ಧತಿ ಬಂದರೂ ಕ್ಷೇತ್ರಕ್ಕೆ ಒಬ್ಬರೇ ಶಾಸಕರು. ಮುಷ್ಕರದ ನೆನಪು ಹಸಿಯಾಗಿದ್ದಾಗ ಹಳೆಯ ಗಡಿಗಳಲ್ಲೇ ಚುನಾವಣೆ ನಡೆದಿದ್ದರೆ ಉತ್ತರದ ಸೀಟುಗಳನ್ನೆಲ್ಲ ಕಾರ್ಮಿಕರೇ ಬಾಚಿಕೊಳ್ಳುತ್ತಿದ್ದರೋ ಏನೋ. ದಕ್ಷಿಣದಲ್ಲಿ ಅವರಿಗೆ ಒಂದೂ ಸಿಗುತ್ತಿರಲಿಲ್ಲ. ಹೊಸ ನಿಯಮ ಎರಡನ್ನೂ ತಪ್ಪಿಸಿತು. ಬಾಗಿಲು ತೆರೆಯಿತು, ಹಾಗೇ ಸೂರಿನ ಎತ್ತರವನ್ನೂ ನಿಗದಿ ಮಾಡಿತು.

ಆ ಬಾಗಿಲಿನಿಂದ ಮುಂದೆ ಯಾರು ಯಾರೋ ಒಳಗೆ ಬಂದರು. ಡಿಕ್ಸನ್ 1922ರಲ್ಲಿ ಮತ್ತೆ ಗೆದ್ದರೂ ಮನೆಯಲ್ಲಿ ಒಂದರ ಹಿಂದೆ ಒಂದು ಸಾವು ಕಂಡರು. ಮತದ ಹಕ್ಕಿಗಾಗಿ ದುಡಿದಿದ್ದ ಅವರ ಹೆಂಡತಿ ವಿನೋನಾ ಫ್ಲೆಟ್ ಕೂಡ ತೀರಿಕೊಂಡರು. 1923ರಲ್ಲಿ ಅವರು ಸೀಟು ಬಿಟ್ಟರು. ಆರ್ಮ್‌ಸ್ಟ್ರಾಂಗ್ 1922ರಲ್ಲಿ ಸೋತರು. ಐವೆನ್ಸ್ 1936ರವರೆಗೂ ಇದ್ದರು. ಕ್ವೀನ್ ಎರಡು ದಶಕ ಶಾಸಕರಾಗಿ, ನಡುವೆ ವಿನಿಪೆಗ್‌ನ ಮೇಯರ್ ಕೂಡ ಆದರು. ಇದೇ ಪಟ್ಟಣದಲ್ಲಿ ಹಿಡಿದು ಜೈಲಿಗೆ ಹಾಕಿದ್ದ ಮನುಷ್ಯ ಅದೇ ಪಟ್ಟಣದ ಮೇಯರ್!

1936ರ ಚುನಾವಣೆ ಇನ್ನೊಂದು ಮಜಾ. ಲೂಯಿಸ್ ಸ್ಟಬ್ಸ್ ಅನ್ನೋ ನ್ಯಾಯಾಧೀಶರನ್ನು 1933ರಲ್ಲಿ ಹುದ್ದೆಯಿಂದ ತೆಗೆದಿದ್ದರು. ಅವರು ಪಕ್ಷೇತರರಾಗಿ ನಿಂತು ವಿನಿಪೆಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಮತ ತೆಗೆದುಕೊಂಡರು. ಅದೇ ಚುನಾವಣೆಯಲ್ಲಿ ಜೇಮ್ಸ್ ಲಿಟರಿಕ್ ಗೆದ್ದರು. ಕೆನಡಾದ ಯಾವುದೇ ಪ್ರಾಂತ್ಯದ ಸಭೆಗೆ ಬಂದ ಮೊದಲ ಕಮ್ಯುನಿಸ್ಟ್ ಅವರು. 1940ರಲ್ಲಿ ಅವರ ಪಕ್ಷಕ್ಕೆ ನಿಷೇಧ ಬಿತ್ತು, ಅವರನ್ನು ಸಭೆಯಿಂದ ಹೊರಹಾಕಿದರು. ಮರುವರ್ಷವೇ ಅದೇ ಕ್ಷೇತ್ರದಿಂದ ಬಿಲ್ ಕಾರ್ಡಾಶ್ ಗೆದ್ದು ಬಂದರು. ಸ್ಪೇನಿನ ಅಂತರ್ಯುದ್ಧದಲ್ಲಿ ಒಂದು ಕಾಲು ಕಳೆದುಕೊಂಡಿದ್ದ ಕಮ್ಯುನಿಸ್ಟ್. ಒಬ್ಬರನ್ನು ಹೊರಗೆ ಹಾಕಿದರೆ ಇನ್ನೊಬ್ಬರು. ಹನ್ನೊಂದರಲ್ಲಿ ಒಂದು ಪಾಲು ಜನ ಮನಸ್ಸು ಮಾಡಿದರೆ ತಡೆಯುವುದು ಕಷ್ಟ.

ಇನ್ನು ಅದು ಏನಾಯ್ತು ಅನ್ನೋ ಪ್ರಶ್ನೆ. ಕ್ಷೇತ್ರ ಎರಡು ಹಂತದಲ್ಲಿ ಹೋಯಿತು. 1949ರ ಚುನಾವಣೆಗೆ ಹತ್ತು ಸೀಟಿನ ಕ್ಷೇತ್ರ ಒಡೆದು ವಿನಿಪೆಗ್ ಉತ್ತರ, ಮಧ್ಯ, ದಕ್ಷಿಣ ಅಂತ ಮತ್ತೆ ಮೂರು ಮಾಡಿದರು. ಪ್ರತಿಯೊಂದಕ್ಕೂ ನಾಲ್ಕು ಸೀಟು. ಪ್ರಾಶಸ್ತ್ಯ ಮತ ಉಳಿಯಿತು. ಆದರೆ ಗೆಲ್ಲಲು ಈಗ ಹನ್ನೊಂದನೇ ಒಂದು ಪಾಲು ಸಾಲದು, ಐದನೇ ಒಂದು ಪಾಲು ಬೇಕು. ಚಿಕ್ಕ ಗುಂಪುಗಳಿಗೆ ಬಾಗಿಲು ಅರ್ಧ ಮುಚ್ಚಿದ ಹಾಗೆ. ಆದರೂ ಕಾರ್ಡಾಶ್ ಉತ್ತರದಲ್ಲಿ ಗೆಲ್ಲುತ್ತಲೇ ಇದ್ದರು. 1953ರಲ್ಲಿ ಮಧ್ಯ ಕ್ಷೇತ್ರದಿಂದ ಗೆದ್ದ ಪಕ್ಷೇತರ ಸ್ಟೀಫನ್ ಜೂಬಾ ಮೂರು ವರ್ಷದ ನಂತರ ಮೇಯರ್ ಆಗಿ, 1977ರವರೆಗೆ ಊರು ಆಳಿದರು.

ಎರಡನೇ ಹಂತ 1955. ಗಡಿ ಗುರುತಿಸುವ ಕೆಲಸವನ್ನು ಸರ್ಕಾರದ ಕೈಯಿಂದ ತೆಗೆದು ಒಂದು ಸ್ವತಂತ್ರ ಆಯೋಗಕ್ಕೆ ಕೊಟ್ಟರು. ಕೆನಡಾದಲ್ಲಿ ಇಂಥದ್ದು ಇದೇ ಮೊದಲು. ಒಳ್ಳೆಯ ಕೆಲಸ. ಅದೇ ಕೈಯಲ್ಲಿ ಪ್ರಾಶಸ್ತ್ಯ ಮತವನ್ನು ಪೂರ್ತಿ ತೆಗೆದುಹಾಕಿದರು. 1958ರ ಚುನಾವಣೆಯಿಂದ ಎಲ್ಲ ಕಡೆ ಒಂದು ಕ್ಷೇತ್ರ, ಒಬ್ಬ ಶಾಸಕ, ಜಾಸ್ತಿ ಮತ ಬಿದ್ದವರು ಗೆದ್ದರು. ಪಟ್ಟಣಕ್ಕೆ ಸೀಟು ಹೆಚ್ಚಾದವು. ಆದರೆ ಅಳತೆಯಲ್ಲಿ ಹಳ್ಳಿಯ ಕೈ ಇನ್ನೂ ಮೇಲೇ ಇತ್ತು. ಪಟ್ಟಣದ ಏಳು ಮತದಾರರು ಹಳ್ಳಿಯ ನಾಲ್ವರಿಗೆ ಸಮ, ಇದು ಕಾನೂನಿನಲ್ಲೇ ಬರೆದಿದ್ದ ಲೆಕ್ಕ. ಅದು ಹೋಗಲು 1960ರ ದಶಕದ ಕೊನೆ ಬರಬೇಕಾಯಿತು. ಕಾರ್ಡಾಶ್ 1958ರಲ್ಲಿ ಸೋತರು, ಹೊಸ ಗಡಿಯಲ್ಲಿ ಅವರ ಜನ ಸಾಕಾಗಲಿಲ್ಲ.

ಸುಮಾರು ಅದೇ ಕಾಲಕ್ಕೆ ನಮ್ಮಲ್ಲೂ ಇಂಥದ್ದೊಂದು ಆಯಿತು. 1952 ಮತ್ತು 1957ರ ಚುನಾವಣೆಗಳಲ್ಲಿ ಭಾರತದಲ್ಲೂ ಒಂದೇ ಕ್ಷೇತ್ರಕ್ಕೆ ಇಬ್ಬರನ್ನು ಆರಿಸುವ ದ್ವಿಸದಸ್ಯ ಕ್ಷೇತ್ರಗಳಿದ್ದವು, 1961ರಲ್ಲಿ ತೆಗೆದರು. ಉದ್ದೇಶ ಬೇರೆ, ಲೆಕ್ಕ ಬೇರೆ. ಆದರೆ ಎರಡೂ ಕಡೆ ಅಧಿಕಾರಿಗಳಿಗೆ, ಪಕ್ಷಗಳಿಗೆ ‘ನನ್ನ ಕ್ಷೇತ್ರ’ ಅಂತ ಬೊಟ್ಟು ಮಾಡಿ ತೋರಿಸಲು ಬರುವ ಒಂದು ಸೀಟೇ ಇಷ್ಟವಾಯಿತು.

ಈಗ ಮ್ಯಾನಿಟೋಬಾ ಸಭೆಯಲ್ಲಿ 57 ಸೀಟು. ಅರ್ಧಕ್ಕಿಂತ ಜಾಸ್ತಿ ವಿನಿಪೆಗ್‌ನವೇ. ಹಳೆಯ ಕ್ಷೇತ್ರದ ಜಾಗ ಪಾಯಿಂಟ್ ಡಗ್ಲಸ್, ಸೇಂಟ್ ಜಾನ್ಸ್, ಬರೋಸ್, ಫೋರ್ಟ್ ರೂಜ್, ರಿವರ್ ಹೈಟ್ಸ್ ಅಂತೆಲ್ಲ ಹರಿದು ಹಂಚಿಹೋಗಿದೆ. ಹೆಸರು ನೋಡಿದರೇ ಗೊತ್ತಾಗುತ್ತದೆ, ಊರು ಮತ್ತೆ ಹಳಿಯ ಆಚೆ ಈಚೆ ಆಗಿದೆ.

ಕೊನೆಗೆ ನಿಮ್ಮ ಮನೆ. ಇಲ್ಲ, ಸೇಂಟ್ ವೈಟಲ್ ಅದರಲ್ಲಿ ಇರಲಿಲ್ಲ. ಹತ್ತು ಸೀಟಿನ ಕ್ಷೇತ್ರ ಹಳೆಯ ವಿನಿಪೆಗ್ ಪಟ್ಟಣದ್ದು. ಸೇಂಟ್ ವೈಟಲ್, ಸೇಂಟ್ ಬೋನಿಫೇಸ್, ಟ್ರಾನ್ಸ್‌ಕೋನಾ ಎಲ್ಲ ಆಗ ಬೇರೆ ಬೇರೆ ಆಡಳಿತದ ಊರುಗಳು. ಎಲ್ಲವನ್ನೂ ಸೇರಿಸಿ ಈಗಿನ ದೊಡ್ಡ ವಿನಿಪೆಗ್ ಮಾಡಿದ್ದು 1972ರಲ್ಲಿ. ನಗರಸಭೆಗೂ 1920ರಿಂದ ಪ್ರಾಶಸ್ತ್ಯ ಮತವೇ ಇತ್ತು. ಊರುಗಳು ಕೂಡಿದ ಆ ಹೊತ್ತಿಗೆ ಅದೂ ಹೋಯಿತು. ಹಳೆಯ ಕ್ಷೇತ್ರದ ನೆಲ ಮೆಟ್ಟಬೇಕು ಅಂದರೆ ಭಾನುವಾರ ಮೇನ್ ಸ್ಟ್ರೀಟ್‌ಗೆ ಹೋಗಿ. ಸಿಟಿ ಹಾಲ್ ಹತ್ತಿರ ನೆಲದಲ್ಲಿ ಅರ್ಧ ಹುಗಿದು ವಾಲಿದ ಹಾಗೆ ಒಂದು ಕಬ್ಬಿಣದ ಟ್ರಾಮ್ ನಿಲ್ಲಿಸಿದ್ದಾರೆ. ಪೊಲೀಸರು ಗುಂಡು ಹಾರಿಸಿದ ಆ ಶನಿವಾರ ಜನ ಅಲ್ಲಾಡಿಸಿ ಉರುಳಿಸಲು ನೋಡಿದ ಟ್ರಾಮ್‌ನ ನೆನಪಿಗೆ, 2019ರಲ್ಲಿ ಇಟ್ಟದ್ದು. ಅಲ್ಲಿಂದ ಉತ್ತರಕ್ಕೆ ನಡೆದು ಅಂಡರ್‌ಪಾಸ್ ದಾಟಿ ಸೆಲ್‌ಕರ್ಕ್ ಅವೆನ್ಯೂವರೆಗೆ ಹೋಗಿ ಬನ್ನಿ. ಚಳಿಗಾಲದಲ್ಲಿ ಬೇಡ, ಮೇ ತಿಂಗಳಾಗಲಿ.